ಕಾಲು ಮೈಲಿ

ಓಹಾಯೊದಲ್ಲಿ, ಜೋಳದ ಹೊಲಗಳ ನಡುವೆ
ವಿಮಾನ ಇಳಿಯುವುದು ನಿಂತುಹೋದ ಪಟ್ಟಿಯೊಂದರ ಮೇಲೆ
ಹತ್ತೊಂಬತ್ತು ಬೇಸಿಗೆ ಚೀಟಿ ಬರೆದವಳು ನಾನು.
ಪ್ಲೈವುಡ್ಡಿನ ಗೂಡು, ಒಂದು ಕಿಟಕಿ,
ತಿರುಗಲು ಬೇಸರಪಡುವ ಒಂದು ಫ್ಯಾನು,
ಮೈಕಿನಲ್ಲಿ ಗೊರಗೊರ ನನ್ನ ದನಿ:
ಎಡಗಡೆ ಟ್ಯಾಕೆಟ್, ಮಸ್ಟ್ಯಾಂಗು.
ಬಲಗಡೆ ಹ್ರಿಬಾರ್, ಶೆವೆಲ್.

ಎರಡೂ ಎಪ್ಪತ್ತನೇ ಇಸವಿಯವು.
ಟ್ಯಾಕೆಟ್‌ನದು ನಾನೂರ ಇಪ್ಪತ್ತೆಂಟು ಘನ ಇಂಚು,
ಕಿತ್ತಳೆ ಬಣ್ಣ, ಬಾನೆಟ್ಟಿನ ತೂತಿನಿಂದ
ಮೂಗು ಹೊರಗಿಟ್ಟು ನಡುಗುವ ಗಾಳಿಬಾಯಿ.
ಹ್ರಿಬಾರ್‌ನದು ನಾನೂರ ಐವತ್ತನಾಲ್ಕು,
ಕಪ್ಪು ಮೈ, ಬೆನ್ನುದ್ದ ಎರಡು ಬಿಳಿ ಪಟ್ಟೆ,
ನಿಂತಲ್ಲೇ ಗುಟುರು ಹಾಕುವ ಗೂಳಿ.

ಒಬ್ಬ ಎರಕದ ಕಾರ್ಖಾನೆಯವನು,
ಇನ್ನೊಬ್ಬ ಹೈಸ್ಕೂಲಿನ ಬಾಯ್ಲರು ಕಾಯುವವನು.
ಟ್ಯಾಕೆಟ್‌ನ ತಂಗಿ ಅರ್ಲೀನ್ ಹ್ರಿಬಾರ್‌ನ ಹೆಂಡತಿ.
ಆಲೂಗಡ್ಡೆ ಸಲಾಡಿನ ಡಬ್ಬಿ ತೊಡೆಯ ಮೇಲಿಟ್ಟುಕೊಂಡು
ಪ್ರತಿ ಭಾನುವಾರ ಎರಡು ಸಾಲಿನ ಸರಿ ಮಧ್ಯಕ್ಕೆ
ಮಡಚುವ ಕುರ್ಚಿ ಹಾಕುತ್ತಿದ್ದಳು.
ಯಾರು ಗೆದ್ದರೂ ಸರಿಯೇ,
ಒಬ್ಬ ಉಣ್ಣುತ್ತಿರಲಿಲ್ಲ.

ವಾದಕ್ಕೇನು, ತಳವೇ ಇರಲಿಲ್ಲ.
ಕಾಗದದ ಮೇಲೆ ಮುನ್ನೂರ ಮೂವತ್ತೈದು ಕುದುರೆ,
ಉಳಿದವು ವಿಮೆಯವನ ಕಣ್ಣು ತಪ್ಪಿಸಿ
ಒಳಗೇ ಮೇಯುತ್ತಿವೆ ಅನ್ನುವನು ಟ್ಯಾಕೆಟ್.
ಮೇಯಲಿ ಬಿಡು, ಓಡುವುದು ಯಾವಾಗ ಅನ್ನುವನು ಹ್ರಿಬಾರ್.
ನಿನ್ನದು ಭಾರ. ನಿನ್ನದು ಹಗುರ, ಹಿಂಗಾಲು ಜಾರುತ್ತದೆ.
ನಿನ್ನ ಗೇರು. ನಿನ್ನ ಟೈರು. ನಿನ್ನಪ್ಪ.
ಹೆತ್ತವರಿಗೆ ಹೆಗ್ಗಣ ಮುದ್ದು,
ಕಂತು ಕಟ್ಟಿದವರಿಗೆ ಕಾರು.

ನನಗೆ ಮಾತ್ರ ಗೊತ್ತಿತ್ತು, ಬೂಟಿನ ಡಬ್ಬಿಯ ತುಂಬ
ನನ್ನದೇ ಪೆನ್ಸಿಲಿನ ನಕಲುಗಳಿದ್ದವಲ್ಲ.
ಹದಿಮೂರು ಸೆಕೆಂಡು, ಮೇಲೆ ಎಂಬತ್ತೊಂದು.
ಹದಿಮೂರು ಸೆಕೆಂಡು, ಮೇಲೆ ಎಂಬತ್ನಾಲ್ಕು.
ಒಂದು ವಾರ ಇವನು, ಒಂದು ವಾರ ಅವನು,
ನಡುವೆ ರೆಪ್ಪೆ ಬಡಿಯಲೂ ಪುರಸೊತ್ತಿಲ್ಲದಷ್ಟು ಸಂದು.
ಹಳದಿ ದೀಪ ಮೂರು ಇಳಿದು ಹಸಿರು ಹತ್ತುವಾಗ
ಯಾರ ಪಾದಕ್ಕೆ ಮೊದಲು ತಿಳಿಯಿತು, ಅಷ್ಟೇ.
ಕಾಲು ಮೈಲಿ ಎಂದರೆ ಹೆಚ್ಚೂಕಡಿಮೆ ಕಾಲೇ.

ಸೆಪ್ಟೆಂಬರಿನ ಒಂದು ಭಾನುವಾರ
ಅರ್ಲೀನ್ ಡಬ್ಬಿಯ ಮುಚ್ಚಳ ಟಪ್ಪೆಂದು ಹಾಕಿ ಎದ್ದಳು.
ಬಾಯಿ ಮುಚ್ಚಿ ಇಬ್ಬರೂ.
ಕೀಲಿಕೈ ಬದಲಾಯಿಸಿ.

ಬೇಲಿಯ ಹತ್ತಿರ ಬಿಯರು ಕುಡಿಯುತ್ತಿದ್ದವರು ಸುಮ್ಮನಾದರು.
ಹ್ರಿಬಾರ್ ಮಸ್ಟ್ಯಾಂಗಿನ ಸೀಟು ಹಿಂದಕ್ಕೆ ತಳ್ಳಿದ,
ಟ್ಯಾಕೆಟ್ ಶೆವೆಲಿನ ಸೀಟು ಮುಂದಕ್ಕೆ ಎಳೆದ,
ಕನ್ನಡಿ ಮಾತ್ರ ಇಬ್ಬರೂ ಮುಟ್ಟಲಿಲ್ಲ.
ನೀರು ಚೆಲ್ಲಿದ ಗುಂಡಿಯಲ್ಲಿ ಟೈರು ಸುಟ್ಟು
ಬಿಳಿ ಹೊಗೆ ನನ್ನ ಕಿಟಕಿಯೊಳಕ್ಕೆ ನುಗ್ಗಿತು.
ಆಮೇಲೆ ಕಂಡಿದ್ದು ಕಡಿಮೆ, ಕೇಳಿದ್ದೇ ಹೆಚ್ಚು:
ಆ ಎರಡು ಎಂಜಿನ್ನುಗಳು
ಹಾಗೆ ಚೀರಿದ್ದನ್ನು ನಾನು ಎಂದೂ ಕೇಳಿರಲಿಲ್ಲ.

ಮಸ್ಟ್ಯಾಂಗು, ಹದಿಮೂರು ನಲವತ್ತೊಂಬತ್ತು.
ಶೆವೆಲ್, ಹದಿಮೂರು ಐವತ್ತೆರಡು.

ತನ್ನದಾದರೆ ಪ್ರತಿ ಗೇರಿಗೂ ಕಿವಿ ಕೊಡುತ್ತಾರೆ,
ಎಲ್ಲಿ ನೋಯುತ್ತದೋ ಎಂದು
ಕೊನೆಯ ಅರ್ಧ ಇಂಚು ಪೆಡಲು ತುಳಿಯದೆ ಉಳಿಸುತ್ತಾರೆ.
ಬೇರೆಯವನದ್ದಕ್ಕೆ ಆ ಅರ್ಧ ಇಂಚೂ ಇರಲಿಲ್ಲ.
ಇದನ್ನು ನಾನು ಮೈಕಿನಲ್ಲಿ ಹೇಳಲಿಲ್ಲ.
ಅಂಕಿ ಓದಿದೆ. ಅಷ್ಟಕ್ಕೇ ಬೇಲಿಯಾಚೆ ಯಾರೋ ಶಿಳ್ಳೆ ಹಾಕಿದರು.

ಚೀಟಿ ತೆಗೆದುಕೊಳ್ಳಲು ಇಬ್ಬರೂ ಬರಲಿಲ್ಲ.
ಹ್ರಿಬಾರ್ ಜೇಬಿನಿಂದ ಬಟ್ಟೆ ತೆಗೆದು
ಮಸ್ಟ್ಯಾಂಗಿನ ಮೂತಿಗೆ ಅಂಟಿದ ಹುಳುಗಳನ್ನು
ಒಂದೊಂದಾಗಿ ಒರೆಸುತ್ತಾ ನಿಂತ.
ಟ್ಯಾಕೆಟ್ ಶೆವೆಲಿನ ಬಾನೆಟ್ಟಿನ ಮೇಲೆ ಅಂಗೈ ಇಟ್ಟ,
ಸುಟ್ಟಿತೇನೋ, ಆದರೂ ತೆಗೆಯಲಿಲ್ಲ.
ಆವತ್ತು ಇಬ್ಬರೂ ಉಂಡರು, ತಟ್ಟೆಯನ್ನೇ ನೋಡುತ್ತಾ.

ಮುಂದಿನ ಭಾನುವಾರ
ಎಡಗಡೆ ಟ್ಯಾಕೆಟ್, ಮಸ್ಟ್ಯಾಂಗು.
ಬಲಗಡೆ ಹ್ರಿಬಾರ್, ಶೆವೆಲ್.
ನಿನ್ನ ಗೇರು, ನಿನ್ನ ಟೈರು.
ಅರ್ಲೀನ್ ಒಮ್ಮೆ ಕಿಟಕಿಯ ಕಡೆ ನೋಡಿದಳು.
ನಾನು ಪೆನ್ಸಿಲು ಚೂಪು ಮಾಡಿಕೊಂಡೆ.
ಹದಿಮೂರು ಸೆಕೆಂಡು, ಮೇಲೆ ಎಂಬತ್ತೆರಡು.