ಹದಿನೇಳನೆಯ ಶಿಖರ

ಇಬ್ರಿಯ ಹೊರವಲಯ. ತಗಡಿನ ಆಫೀಸು.
ಎಸಿಯ ನೀರು ಬಕೆಟ್ಟಿಗೆ ತೊಟ್ಟಿಕ್ಕುವ ಸದ್ದಿನಲ್ಲಿ
ಶಿಖರ ಹುಡುಕುತ್ತಿದ್ದೇನೆ
ಒಂದು ದಿಬ್ಬವೂ ಇಲ್ಲದ ನೆಲದಲ್ಲಿ.

ನೆಲದ ಹೆಸರು ಉಮ್ಮ್ ಅಸ್ ಸಮೀಮ್. ವಿಷದ ತಾಯಿ ಎಂದು ಅರ್ಥವಂತೆ.
ಮೇಲೆ ಉಪ್ಪಿನ ಹಪ್ಪಳ, ಕೆಳಗೆ ಕೆಸರು.
ಮನುಷ್ಯನ ಭಾರ ತಾಳುತ್ತದೆ, ಗಾಡಿಯದು ತಾಳುವುದಿಲ್ಲ.
ಅದಕ್ಕೇ ಶೇರ್ ಜಮಾನ್ ನಡೆದೇ ಅಳೆದ, ಹತ್ತೊಂಬತ್ತು ದಿನ,
ಹೆಗಲಿಗೆ ಕಾಂತಮಾಪಕದ ಕೋಲು,
ಬೆಲ್ಟಿನ ಬಕಲ್ ಬಿಚ್ಚಿ, ಬೀಗದಕೈ ಬಿಟ್ಟು,
ತಾಯಿ ಕಟ್ಟಿದ ತಾಯತವನ್ನೂ ನನ್ನ ಡ್ರಾಯರಿನಲ್ಲಿಟ್ಟು.
ಮೈಮೇಲೆ ಗುಲಗಂಜಿಯಷ್ಟು ಕಬ್ಬಿಣವಿದ್ದರೂ
ಭೂಮಿ ಸುಳ್ಳು ಹೇಳುತ್ತದೆ.

ಅವನ ಹೆಜ್ಜೆಗಳೆಲ್ಲ ಈಗ ಚೌಕಗಳು.
ಒಂದೊಂದು ಮನೆಗೆ ಒಂದೊಂದು ಅಂಕಿ.
ನಾನು ಬರೆದ ಪ್ರೋಗ್ರಾಮು ಮನೆಮನೆಗೂ ಹೋಗಿ ಕೇಳುತ್ತದೆ:
ಮೂಡಣದವನಿಗಿಂತ ನೀನು ಎತ್ತರವೆ? ಪಡುವಣದವನಿಗಿಂತ?
ಬಡಗಣ, ತೆಂಕಣ? ಈಶಾನ್ಯದ ಓರೆ, ನೈರುತ್ಯದ ಓರೆ?
ಎಂಟೂ ದಿಕ್ಕಿಗೆ ಹೌದೆಂದವನ ತಲೆಗೆ ಕೆಂಪು ಚುಕ್ಕೆ.
ಏಳಕ್ಕೆ ಹೌದೆಂದು ಒಂದಕ್ಕೆ ತಡವರಿಸಿದರೆ
ಅವನು ಬೆಟ್ಟದ ಬೆನ್ನು, ನೆತ್ತಿಯಲ್ಲ.
ಪಕ್ಕದವನಿಗೆ ಸರಿಸಮ ನಿಂತವನೂ ಲೆಕ್ಕಕ್ಕಿಲ್ಲ.
ಅಂಚಿನ ಸಾಲಿನವರಿಗೋ ಎಂಟು ನೆರೆಯೇ ಇಲ್ಲ,
ಅವರನ್ನು ಬಿಟ್ಟೇ ಎಣಿಸುವುದು.
ಹಾಗೆಂದು ಬರೆದದ್ದೂ ನಾನೇ, ಒಂದು ಗುರುವಾರ,
ಊಟದ ಹೊತ್ತಿನ ಅವಸರದಲ್ಲಿ.

ಗುಳೇದಗುಡ್ಡದಲ್ಲಿ ನಮ್ಮವ್ವನಿಗೆ ಇಷ್ಟೆಲ್ಲ ವಿಚಾರಣೆ ಬೇಕಿರಲಿಲ್ಲ.
ಮಗ್ಗದಿಂದಿಳಿದ ಖಣದ ಮೇಲೆ ಅಂಗೈ ಆಡಿಸಿ,
ಮಾತು ಇನ್ನಾರ ಜೊತೆಗೋ, ಕಣ್ಣು ಇನ್ನೆಲ್ಲೋ,
ಗಂಟಿದ್ದಲ್ಲಿ ಬೆರಳು ನಿಲ್ಲುತ್ತಿತ್ತು.
"ಇಲ್ಲೈತಿ ನೋಡು" ಅನ್ನುವಳು.
ಇರುತ್ತಿತ್ತು.

ಮೊದಲ ಸಲ ಓಡಿಸಿದಾಗ ನನಗೆ ಎರಡು ಸಾವಿರದ ಮುನ್ನೂರು ಶಿಖರ.
ಗಾಳಿಗೆ, ಕೋಲಿನ ತೊನೆತಕ್ಕೆ, ಮಧ್ಯಾಹ್ನದ ಸೂರ್ಯನಿಗೆ, ಎಲ್ಲಕ್ಕೂ ಚುಕ್ಕೆ,
ದಡಾರ ಎದ್ದ ಮಗುವಿನ ಬೆನ್ನಿನ ಹಾಗೆ ನಕ್ಷೆ.
ನುಣುಪು ಮಾಡಿದೆ. ಮತ್ತೂ ನುಣುಪು ಮಾಡಿದೆ.
ಉಳಿದದ್ದು ಹದಿನೇಳು.
ಹದಿನಾರು ಆಳದ ಬಂಡೆಯವು, ಚಕ್ಕಳಮಕ್ಕಳ ಹಾಕಿ ಅಗಲವಾಗಿ ಕೂತವು.
ಹದಿನೇಳನೆಯದು ಮೊಳೆ ಹೊಡೆದಂತೆ ನೆಟ್ಟಗೆ:
ನಾನೂರ ಹನ್ನೆರಡು. ಸುತ್ತ ಎಂಟೂ ಮನೆ ಇನ್ನೂರರ ಕೆಳಗೆ.

ಚಹಾ ತಂದ ಡ್ರೈವರ್ ಹಮ್ದಾನ್ ಪರದೆಗೆ ಬಗ್ಗಿದ.
ಜಾಗ ಕೇಳಿದ. ಹಳೆಯ ಪೈಪ್‌ಲೈನ್ ದಾರಿಯಿಂದ ಎಷ್ಟು ದೂರ, ಕೇಳಿದ.
ಬೆರಳು ಮಡಿಸಿ ಲೆಕ್ಕ ಹಾಕಿದ. ಕೂತ.
"ಅದು ಮತರ್‌ನ ಗಾಡಿ."

ಮತರ್ ಅಂದರೆ ಮಳೆ. ಇವನ ದೊಡ್ಡಪ್ಪ.
ನೀರಿನ ಟ್ಯಾಂಕರು, ಬೆಡ್‌ಫೋರ್ಡ್, ಇವನು ಹುಟ್ಟುವ ಮುಂಚೆ.
ರಿಗ್ಗಿನವರಿಗೆ ಬಾಯಾರಿದೆಯೆಂದು ಅಡ್ಡದಾರಿ ಹಿಡಿದನಂತೆ.
ಮೂರು ದಿನಕ್ಕೆ ಬರಿಗಾಲಲ್ಲಿ ನಡೆದು ಬಂದ.
ನೆಲ ನುಂಗಿತು ಅಂದರೆ ಯಾರು ನಂಬುತ್ತಾರೆ?
ಗಡಿಯಾಚೆ ಮಾರಿಕೊಂಡ ಅಂದರು. ಸಾಯುವ ತನಕ ಅಂದರು.
ಒಂಟೆಗಳನ್ನು ಮಾರಿ ದುಡ್ಡು ಕಟ್ಟಿದ,
ಬಸುರಿಯಾಗಿದ್ದ ಕೊನೆಯ ಒಂಟೆಯನ್ನೂ.

ನಮ್ಮ ಕಸುಬಿನಲ್ಲಿ ಮನುಷ್ಯ ಬಿಟ್ಟುಹೋದ ಕಬ್ಬಿಣಕ್ಕೆಲ್ಲ,
ಕೊಳವೆಯಿರಲಿ ಬೇಲಿಯಿರಲಿ ತುಕ್ಕು ಪೀಪಾಯಿಯಿರಲಿ,
ಒಂದೇ ಹೆಸರು: ಸಾಂಸ್ಕೃತಿಕ ಗದ್ದಲ.
ಕಂಡರೆ ಅಳಿಸಬೇಕು.
ಗಿರಾಕಿಗೆ ಬೇಕಾದ್ದು ದೇವರು ಹೂತಿಟ್ಟದ್ದು.

ಅಳಿಸಿದೆ. ವರದಿಯಲ್ಲಿ ಹದಿನಾರು.
ಅದಕ್ಕೂ ಮುಂಚೆ ಒಂದು ಪ್ರತಿ ತೆಗೆದೆ, ಕಂಪನಿಯ ಬಣ್ಣದ ಪ್ರಿಂಟರಿನಲ್ಲಿ:
ಚುಕ್ಕೆ, ಅಕ್ಷಾಂಶ, ರೇಖಾಂಶ, ಕೆಳಗೆ ನನ್ನ ಸಹಿ.

ಹಮ್ದಾನ್ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ.
ಮತರ್‌ನ ಹೆಂಡತಿ ಇನ್ನೂ ಇದ್ದಾಳೆ ಅಂದ,
ಕಣ್ಣು ಪೂರಾ ಮಂಜು. ಹೇಗೆ ತೋರಿಸಲಿ?

ಕಾಗದ ಇಸಕೊಂಡೆ. ಮಗುಚಿ ಹಾಕಿದೆ.
ಕೆಳಗೊಂದು ಒದ್ದೆ ಟವೆಲ್ಲು ಮಡಿಸಿಟ್ಟು
ಬಾಲ್‌ಪೆನ್ನಿನ ಮೊಂಡು ತುದಿಯಿಂದ
ಚುಕ್ಕೆಯ ಬೆನ್ನನ್ನು ಒತ್ತಿದೆ, ಒತ್ತಿದೆ,
ಆ ಕಡೆ ಉಬ್ಬುವ ತನಕ.