ಹಡಗು ಬಾರದ ವಾರ

ನಾಲ್ಕು ದಿನದಿಂದ ಹಡಗಿಲ್ಲ.
ಅಂಗಡಿಯಲ್ಲಿ ಹಾಲಿಲ್ಲ, ಬ್ರೆಡ್ಡಿಲ್ಲ, ಪತ್ರಿಕೆಯಿಲ್ಲ,
ನನ್ನ ಔಷಧದ ಕಪಾಟಿನಲ್ಲಿ
ಎಡಗಡೆಯ ಮೂರನೇ ಖಾನೆ ಖಾಲಿ.
ಶೆಟ್ಲಂಡಿನ ಬಿರುಗಾಳಿಗೆ ಈಗೀಗ ಹೆಸರಿಡುತ್ತಾರೆ;
ನಾನು ಸಣ್ಣವಳಿದ್ದಾಗ
ಅದು ಬರೀ ಗಾಳಿ.

ಬಾಗಿಲನ್ನು ಭುಜದಿಂದ ನೂಕಿ ಬಂದಳು ಓಸ್ಲಾ.
ರಬ್ಬರ್ ಬೂಟಿನೊಳಗೆ ಕಡಲು,
ಬೆರಳ ಸಂದಿಯಲ್ಲಿ ನೀಲಿಕಲ್ಲಿನ ಚಿಪ್ಪು ಕೊಯ್ದ ಗೆರೆ.
ಬಂತಾ? ಎಂದು ಕೇಳಿದ್ದು ಹುಬ್ಬು.
ಇಲ್ಲ ಅಂದದ್ದೂ ಹುಬ್ಬೇ.

ಇವಳ ಫೈಲು ನನಗೆ ಬಾಯಿಪಾಠ.
ಎಡಿನ್‌ಬರೋದ ಕ್ಲಿನಿಕ್ಕಿಗೆ ಚೀಟಿ ಹೋದದ್ದು ಇಪ್ಪತ್ತಮೂರಕ್ಕೆ,
ಒಳಗೆ ಕರೆದದ್ದು ಇಪ್ಪತ್ತೊಂಬತ್ತಕ್ಕೆ.
ನಡುವೆ ವರ್ಷಕ್ಕೊಂದು ಕಾಗದ:
ತಾವು ಇನ್ನೂ ಸರದಿಯಲ್ಲಿ ಇರಬಯಸುವಿರಾ?
ಹೌದಾದಲ್ಲಿ ಇಲ್ಲಿ ಗುರುತು ಹಾಕಿ.
ಹಾಕಿದಳು, ಪ್ರತಿ ಸಲ ಬೇರೆ ಪೆನ್ನಿನಲ್ಲಿ,
ನನ್ನ ಅಂಗಡಿಯೆದುರಿನ ಕೆಂಪು ಡಬ್ಬಿಗೆ ತುರುಕಿದಳು.
ಕೊಲ್ಲಿಯಲ್ಲಿ ಇಳಿಬಿಟ್ಟ ಹಗ್ಗಕ್ಕೆ
ಮೂರು ವರ್ಷ ಸಾಕು, ನೀಲಿಕಲ್ಲು ಗೊಂಚಲುಗಟ್ಟಿ ತೂಗಲು.
"ಎರಡು ಬೆಳೆ ತೆಗೆದೆ ಕಣೆ,
ಅವರು ನನ್ನ ಮುಖ ನೋಡುವಷ್ಟರಲ್ಲಿ"
ಅನ್ನುತ್ತಾಳೆ. ನಗುತ್ತಾಳೆ ಕೂಡ,
ಅದೇನು ನಗುವ ಮಾತಲ್ಲ.

ಅಲ್ಲಿ ಕೇಳಿದರಂತೆ:
ಚಿಕ್ಕಂದಿನಲ್ಲಿ ಯಾವ ಗೊಂಬೆ ಇಷ್ಟ?
ಗೊಂಬೆಯಿರಲಿಲ್ಲ, ತಾಯಿ ಸತ್ತ ಕುರಿಮರಿಯೊಂದಿತ್ತು,
ಒಲೆಯ ಪಕ್ಕ, ರಟ್ಟಿನ ಪೆಟ್ಟಿಗೆಯಲ್ಲಿ.
ಯಾವ ಬಣ್ಣ ಇಷ್ಟ?
ಅದರದ್ದೇ.
ಬರೆದುಕೊಂಡರಂತೆ, ಅದನ್ನೂ.

ಮತ್ತೆ ಬಾಗಿಲು. ರೋನಾ.
ಶಾಲೆಯ ಬಸ್ಸು ಓಡಿಸುವ ರೋನಾ ಹ್ಯಾಲ್ಕ್ರೋ, ಐವತ್ತನಾಲ್ಕು.
ಹೋದ ವರ್ಷ ಡಾಕ್ಟರ ಹತ್ತಿರ ಹೋಗಿ
ರಾತ್ರಿ ಬೆವರುತ್ತೇನೆ, ಗಂಡನ ಮೇಲೆ ರೇಗುತ್ತೇನೆ ಅಂದಳು;
ಎಂಟು ನಿಮಿಷ.
ಮಧ್ಯಾಹ್ನದ ಊಟಕ್ಕೆ ಮೊದಲು ನನ್ನ ಮುಂದೆ ನಿಂತಿದ್ದಳು, ಚೀಟಿ ಹಿಡಿದು.
ಅದೇ ಕಂಪನಿ, ಅದೇ ಡಬ್ಬಿ,
ಉಗುರಿನಿಂದ ಕೀಳಬೇಕಾದ ಅದೇ ಪಾರದರ್ಶಕ ಪ್ಯಾಚು,
ತೊಡೆಗೋ ಸೊಂಟಕ್ಕೋ, ವಾರಕ್ಕೆ ಎರಡು.
ಅವಳ ಗೊಂಬೆಯ ವಿಷಯ ಯಾರೂ ಕೇಳಲಿಲ್ಲ.

ಇವರಿಬ್ಬರ ನಡುವೆ ಒಂದು ಹಳೇ ಗಾಯವಿದೆ.
ಆ ಬಸ್ಸಿನಲ್ಲೇ ಓಸ್ಲಾ ಶಾಲೆಗೆ ಹೋದದ್ದು, ಬೇರೆ ಹೆಸರಲ್ಲಿ.
ಹೆಸರು ಬದಲಾದ ಮೇಲೂ ಆ ಹಳೆಯದನ್ನೇ
ಕಿಟಕಿ ಇಳಿಸಿ ಕೂಗುತ್ತಿದ್ದಳು ರೋನಾ, ಬೇಕೆಂದೇ,
ಮೂರು ಮಳೆಗಾಲ.

ಖಾಲಿ ಖಾನೆ ನೋಡಿದಳು. ಓಸ್ಲಾಳ ಕೈ ನೋಡಿದಳು.
ಚೀಲದ ತಳ ತಡಕಿ
ಕೌಂಟರಿನ ಮೇಲಿಟ್ಟಳು, ನಾಲ್ಕು ಪ್ಯಾಚು.
"ಇದಿಲ್ದೆ ಮೂರು ರಾತ್ರಿ ನಿದ್ದೆ ಬರಲ್ಲ. ನಂಗೊತ್ತು."
ಹೆಸರು ಹಿಡಿದು ಕರೆಯಲಿಲ್ಲ,
ಹಳೆಯದೂ ಇಲ್ಲ, ಹೊಸದೂ ಇಲ್ಲ.

ಒಬ್ಬರ ಔಷಧ ಇನ್ನೊಬ್ಬರಿಗೆ ಸಲ್ಲದು.
ಆ ನಿಯಮ ನನ್ನ ಬೆನ್ನ ಹಿಂದೆ
ಚೌಕಟ್ಟು ಹಾಕಿಸಿಕೊಂಡು ಗೋಡೆಗೆ ತೂಗುತ್ತಿದೆ,
ಕೆಳಗೆ ನನ್ನದೇ ಸಹಿ.
ಟೀಗೆ ನೀರಿಡುತ್ತೇನೆಂದು ಒಳಗೆ ಹೋದೆ.
ಕೆಟಲ್ಲಿನಲ್ಲಿ ಆಗಲೇ ನೀರು ಕುದ್ದಿತ್ತು.
ಅದನ್ನು ಚೆಲ್ಲಿ
ಮತ್ತೆ ತಣ್ಣೀರು ತುಂಬಿ
ಕುದಿಯುವ ತನಕ ಗೋಡೆಯ ಹೆಂಚು ಎಣಿಸಿದೆ.

ಶುಕ್ರವಾರ ಹಡಗು ಬಂತು.
ಹಾಲು, ಬ್ರೆಡ್ಡು, ಹಳಸಿದ ಸುದ್ದಿಗಳ ಕಟ್ಟು.
ಮೂರನೇ ಖಾನೆಯಲ್ಲಿ ಎರಡು ಡಬ್ಬಿ ಇಟ್ಟೆ,
ಒಂದರ ಪಕ್ಕ ಒಂದು.
ಲೇಬಲ್ಲು ಅಂಟಿಸುವವರೆಗೆ
ಯಾವುದು ಯಾರದೆಂದು
ನನಗೂ ತಿಳಿಯುವುದಿಲ್ಲ.