ಅಥವಾ ತತ್ಸಮಾನ

ಗ್ರಿಮ್ಸ್‌ಬಿ. ಬಂದರಿನ ಹಿಂದಿನ ಕಾಲೇಜು, ಎರಡನೇ ಮಹಡಿ.
ಮೇಜಿನಾಚೆ ಮೂವರು, ಈಚೆ ಒಬ್ಬಳು,
ಪಕ್ಕದಲ್ಲಿ ನಾನು, ಬಾಯಿ ಬಾಡಿಗೆಗೆ ಕೊಟ್ಟವಳು.
ಗಂಟೆಗೆ ಮೂವತ್ತೆಂಟು ಪೌಂಡು, ಬಸ್ಸಿನ ಖರ್ಚು ಬೇರೆ.

ಹೇಜಲ್ ಮಾಲ್ಟ್‌ಬಿ, ವಯಸ್ಸು ಐವತ್ತೊಂಬತ್ತು,
ಹುಟ್ಟಿದಾಗಿನಿಂದ ಕಿವಿ ಕೇಳಿಸದು.
ಅರ್ಜಿ ಹಾಕಿದ ಕೆಲಸ: ಸನ್ನೆಭಾಷೆಯ ಉಪನ್ಯಾಸಕಿ.
ಅವಳ ಪರಿಚಯವಿದೆಯೇ ಎಂದು ನನ್ನನ್ನು ಮೊದಲೇ ಕೇಳಿದ್ದರು.
ಇದೆ ಎಂದಿದ್ದೆ. ಇಲ್ಲದ ದುಭಾಷಿ ಬೇಕೆಂದರೆ
ಲೀಡ್ಸಿನಿಂದ ಕರೆಸಬೇಕು, ರೈಲಿನ ದುಡ್ಡು ಯಾರು ಕೊಡುತ್ತಾರೆ?

ನಿಯಮ ಒಂದೇ: ಅವಳು ‘ನಾನು’ ಎಂದರೆ ನಾನೂ ‘ನಾನು’ ಎನ್ನಬೇಕು.
ಸೇರಿಸಬಾರದು, ಕಳೆಯಬಾರದು, ನಡುವೆ ಮೂಗು ತೂರಿಸಬಾರದು.

ಡಾಕ್ಟರ್ ಪೆಂಡಲ್ಟನ್ ಹಾಳೆ ನೋಡಿಕೊಂಡು ಓದಿದರು:
ಪದವಿ, ಅಥವಾ ತತ್ಸಮಾನ. ಬೋಧನೆಯ ಪ್ರಮಾಣಪತ್ರ.
ಇಂಗ್ಲಿಷ್ ಬರವಣಿಗೆ ಎರಡನೇ ಹಂತ, ಕಡ್ಡಾಯ.

“ನನಗೆ ಪದವಿಯಿಲ್ಲ,” ಎಂದೆ ನಾನು,
ಪದವಿ ಇರುವ ನಾನು,
ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿರುವ ನಾನು.
“ಶಾಲೆಯಲ್ಲಿ ನನ್ನ ಕೈಗಳ ಮೇಲೆ ನನ್ನನ್ನೇ ಕೂರಿಸುತ್ತಿದ್ದರು,
ತುಟಿ ನೋಡು, ತುಟಿ ನೋಡು ಎಂದು.
ಹನ್ನೊಂದು ವರ್ಷ ನಾನು ನೋಡಿದ್ದು ಮೇಷ್ಟ್ರ ಮೀಸೆ.”

ನಗು ಬಂತು, ಒಂದು ಉಸಿರು ತಡವಾಗಿ.
ತರ್ಜುಮೆಯಲ್ಲಿ ನಗುವಿಗೆ ಯಾವಾಗಲೂ ಬಸ್ಸು ತಪ್ಪುತ್ತದೆ.

“ಆಮೇಲೆ?”
“ಆಮೇಲೆ ಮೀನಿನ ಕಾರ್ಖಾನೆ, ಇಪ್ಪತ್ತಾರು ವರ್ಷ.
ಹ್ಯಾಡಕ್ ಸೀಳುವ ಸಾಲು. ಯಂತ್ರದ ಅಬ್ಬರಕ್ಕೆ
ಅಲ್ಲಿ ಎಲ್ಲರೂ ಕಿವುಡರೇ,
ಮಾತು ಬರುತ್ತಿದ್ದದ್ದು ನನಗೊಬ್ಬಳಿಗೆ.
ಲಿಥುವೇನಿಯಾದಿಂದ ಬಂದ ಹುಡುಗಿಯರಿಗೆ
ಇಂಗ್ಲಿಷಿಗಿಂತ ಮೊದಲು ನನ್ನ ಭಾಷೆ ಬಂತು.
ಚಾಕು ಕೆಳಗಿಟ್ಟು ಮಾತಾಡಿ,
ಅದು ಮೊದಲ ಪಾಠ.”

ಬರೆದುಕೊಂಡರು. ಬೋಧನಾನುಭವದ ಎದುರು ಒಂದು ಅಡ್ಡಗೆರೆ.

ಅವಳು ಹೇಳದ್ದನ್ನು ನಾನೂ ಹೇಳಲಿಲ್ಲ:
ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದವಳನ್ನು
ಗುರುವಾರ ಗುರುವಾರ ಅಡುಗೆಮನೆಯಲ್ಲಿ ಕೂರಿಸಿ,
ಚಹಾ ಆರಿ ಕೆನೆಗಟ್ಟುವ ತನಕ ತಿದ್ದಿದ್ದನ್ನು.
ನನ್ನ ಪ್ರಮಾಣಪತ್ರದಲ್ಲಿ ಮೂರು ಸಹಿಗಳಿವೆ, ಅವಳದಿಲ್ಲ.
ಕೈಭಾಷೆಯಲ್ಲಿ ನನಗೆ ಹೆಸರಿಟ್ಟವಳೂ ಅವಳೇ:
ಚೀಲದಲ್ಲಿ ಬೀಗದಕೈ ತಡಕುವ ಎರಡು ಬೆರಳು.

“ತತ್ಸಮಾನ ಎನ್ನಬಹುದಾದದ್ದು ಏನಾದರೂ ಇದೆಯೇ?”
ನನ್ನ ಕೈ ಆ ಪದವನ್ನು ಅವಸರದಲ್ಲಿ ಮಾಡಿತು,
ಬಲಗೈ ಮೇಲೆ, ಎಡಗೈ ತುಸು ಕೆಳಗೆ.
ಹೇಜಲ್ ತಲೆಯಲ್ಲಾಡಿಸಿದಳು. ಕಣ್ಣು ಕಿರಿದು ಮಾಡಿದಳು.
ಅವಳು ಆಡಿದ್ದೆಲ್ಲ ನಾನು ಆಡಲೇಬೇಕಲ್ಲ,
ಆಡಿದೆ, ಗಟ್ಟಿಯಾಗಿ, ಮೂವರಿಗೂ ಕೇಳುವಂತೆ:
“ಅಲ್ಲ. ಎರಡೂ ಒಂದೇ ಮಟ್ಟಕ್ಕೆ ಬರಲಿ.
ಎಡಗೈ ಯಾಕೆ ಕೆಳಗೆ? ಅದೇನು ತಪ್ಪು ಮಾಡಿದೆ?
ಮತ್ತೊಮ್ಮೆ ಮಾಡು.”

ಮೂವರೂ ತಲೆಯೆತ್ತಿದರು, ತಮಗೇ ಅಂದದ್ದೆಂದು.
ಕೊನೆಯ ಕುರ್ಚಿಯ ಮಿಸ್ಟರ್ ಕ್ರೇಕ್,
ಅಲ್ಲಿಯ ತನಕ ಗಡಿಯಾರ ನೋಡುತ್ತಿದ್ದವರು,
ಪೆನ್ನಿಟ್ಟು, ಮೇಜಿನಡಿಯಿಂದ ಎರಡೂ ಕೈ ತೆಗೆದು
ಒಂದೇ ಮಟ್ಟಕ್ಕೆ ಹಿಡಿದರು.
“ಹೆಬ್ಬೆರಳು ಒಳಗೆ,” ಎಂದೆ ನಾನು.
ಅಂದರೆ, ಅವಳು.

ಮೂರು ವಾರಕ್ಕೆ ಪತ್ರ ಬಂತು: ಸಹಾಯಕಿ, ಗಂಟೆ ಲೆಕ್ಕದ ಕೂಲಿ,
ಎರಡು ವರ್ಷದೊಳಗೆ ಪ್ರಮಾಣಪತ್ರ ಹಾಜರುಪಡಿಸತಕ್ಕದ್ದು.

ಅದಕ್ಕೊಂದು ತರಗತಿಯಿದೆ, ಮಂಗಳವಾರ ಸಂಜೆ.
ಇಪ್ಪತ್ತೇಳರ ಹುಡುಗ, ಒಳ್ಳೆಯವನೇ,
‘ಕಲಿಸುವುದೆಂದರೇನು?’ ಎಂದು ಹಲಗೆಯ ಮೇಲೆ ಬರೆದು
ನಮಗೆ ಬೆನ್ನು ಹಾಕಿಕೊಂಡೇ ಮಾತಾಡುತ್ತಾನೆ.
ನಾನು ಪಕ್ಕದಲ್ಲಿ ನಿಂತು ಅದನ್ನೆಲ್ಲ ಕೈಗಿಳಿಸುತ್ತೇನೆ.
ಹೇಜಲ್ ಏನೂ ಬರೆದುಕೊಳ್ಳುವುದಿಲ್ಲ.
ಮೊದಲ ಸಾಲಿನಲ್ಲಿ ಕೂತು
ನನ್ನ ಎಡಗೈಯನ್ನೇ ನೋಡುತ್ತಿರುತ್ತಾಳೆ.